ಗಲ್ಲಾದ ಕೆಳಗೆ 58 ಪಾಕೀಟು: ಅವ್ವನ ಮೇಲಿನ ಅಬಕಾರಿ ಕೇಸು

ಓದುಗರ ಪ್ರಶ್ನೆ:

ಸರ್, ನಮ್ಮೂರು ಹುನಗುಂದ ತಾಲ್ಲೂಕಿನಲ್ಲಿದೆ. ಅಪ್ಪ ಹೋದ ಮೇಲೆ ಅವ್ವ ಮನೆಯ ಮುಂದಿನ ಖೋಲಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾಳೆ. ಮನೆ ಕಾಕಾನ ಹೆಸರಿನಲ್ಲಿದೆ, ಅವರು ಗೋವಾದಲ್ಲಿ ದುಡಿಯುತ್ತಾರೆ. ಎರಡು ವರ್ಷದಿಂದ ಒಬ್ಬ ಹುಡುಗ ಗುರುವಾರಕ್ಕೊಮ್ಮೆ ದಾರು ಪಾಕೀಟಿನ ಬಾಕ್ಸ್ ತಂದು ಇಡುತ್ತಿದ್ದ. ಅವ್ವ ಪಾಕೀಟಿಗೆ 10 ರೂಪಾಯಿ ಮೇಲಿಟ್ಟು ಮಾರುತ್ತಿದ್ದಳು. ಕೆಲವು ಸಲ ತಮ್ಮ ಇಳಕಲ್‌ನಿಂದ ಬೈಕ್ ಮೇಲೆ ತಂದಿದ್ದೂ ಉಂಟು. ಹೋದ ತಿಂಗಳು ರಾತ್ರಿ 8 ಗಂಟೆಗೆ ಅಬಕಾರಿಯವರು ಬಂದು 90 ಎಂಎಲ್‌ನ 58 ಪಾಕೀಟು ಮತ್ತು ಬೈಕ್ ಒಯ್ದರು. ಅವ್ವನಿಂದ ನಾಲ್ಕು ಹಾಳೆಗೆ ಸಹಿ ಮಾಡಿಸಿಕೊಂಡು, ನೋಟಿಸ್ ಕೊಟ್ಟು ಹೋದರು. ಎಫ್‌ಐಆರ್‌ನಲ್ಲಿ ಅವ್ವ ಒಂದನೇ ಆರೋಪಿ, ತಮ್ಮ ಎರಡನೇ ಆರೋಪಿ. ನಮ್ಮೂರಲ್ಲಿ ಮೊದಲೇ ಗ್ರಾಮಸಭೆ ಮಾಡಿ ದಾರು ಬಂದ್ ಅಂತ ಠರಾವು ಮಾಡಿದ್ದಾರೆ. ಹಿರಿಯರು ಹನುಮಪ್ಪನ ಗುಡಿಯಲ್ಲಿ ಅವ್ವನನ್ನು ಕರೆಸಿ 5,000 ದಂಡ ಕಟ್ಟಿಸಿಕೊಂಡು ‘ಇಲ್ಲಿಗೆ ಮುಗೀತು’ ಅಂದರು. ಪರಿಚಯದವರೊಬ್ಬರು ‘ಕೋರ್ಟಿನಲ್ಲಿ ತಪ್ಪಾಯ್ತು ಅಂದು ದಂಡ ಕಟ್ಟಿ ಬರ್ರಿ’ ಅನ್ನುತ್ತಾರೆ. ತಮ್ಮ ಕಾನ್‌ಸ್ಟೇಬಲ್ ಪರೀಕ್ಷೆ ಬರೆದಿದ್ದಾನೆ. ಅವ್ವ ಜೈಲಿಗೆ ಹೋಗುತ್ತಾಳಾ? ಮನೆ, ಬೈಕ್ ಹೋಗುತ್ತವಾ? ಶಾಲೆ ಬಿಟ್ಟ ಮೇಲೆ ಅಕ್ಕನ ಮಗನೂ ಅಂಗಡಿಯಲ್ಲಿ ಕೂಡುತ್ತಿದ್ದ. 9ನೇ ಕ್ಲಾಸ್ ಹುಡುಗ. ಅವನಿಗೇನಾದರೂ ಆಗುತ್ತಾ?

ಉತ್ತರ:

ನಾಳೆ ಬೆಳಿಗ್ಗೆ ಯಾರೂ ಬಂದು ನಿಮ್ಮ ಅವ್ವನನ್ನು ಜೈಲಿಗೆ ಹಾಕುವುದಿಲ್ಲ. ಆ ಅಂಜಿಕೆ ಬಿಡಿ. ಆದರೆ ‘ತಪ್ಪಾಯ್ತು ಅಂದು ದಂಡ ಕಟ್ಟಿ ಬರ್ರಿ’ ಅನ್ನುವ ಮಾತನ್ನು ಮಾತ್ರ ಕೇಳಬೇಡಿ. ನಿಮ್ಮ ಕಾಗದ ಓದಿದಾಗ ನನಗೆ ನಿಜಕ್ಕೂ ಹೆದರಿಕೆ ಆಗಿದ್ದು ಆ ಸಾಲು ನೋಡಿ.

ಕಾರಣ ಹೇಳುತ್ತೇನೆ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 32 ಪರವಾನಗಿ ಇಲ್ಲದೆ ಮಾರುವುದು, ಸಾಗಿಸುವುದು, ಇಟ್ಟುಕೊಳ್ಳುವುದು ಇವೆಲ್ಲಕ್ಕೂ ಶಿಕ್ಷೆ ಹೇಳುತ್ತದೆ. ಗರಿಷ್ಠ 5 ವರ್ಷ ಕಠಿಣ ಸಜೆ, 50,000 ರೂಪಾಯಿ ದಂಡ. ಜನ ಗರಿಷ್ಠವನ್ನೇ ನೋಡುತ್ತಾರೆ. ನೋಡಬೇಕಾದದ್ದು ಕನಿಷ್ಠವನ್ನು. ಮೊದಲ ಸಲದ ಅಪರಾಧಕ್ಕೇ ಕನಿಷ್ಠ 1 ವರ್ಷ ಸಜೆ ಮತ್ತು 10,000 ದಂಡ. ಎರಡನೇ ಸಲ ಸಿಕ್ಕರೆ ಕನಿಷ್ಠ 2 ವರ್ಷ, 20,000. ಅಂದರೆ ನಿಮ್ಮ ಅವ್ವ ಕಟಕಟೆಯಲ್ಲಿ ನಿಂತು ‘ಹೌದ್ರಿ ಸಾಹೇಬ್ರ, ತಪ್ಪಾಗೇತಿ’ ಅಂದ ಮೇಲೆ, ಮ್ಯಾಜಿಸ್ಟ್ರೇಟರಿಗೆ ಎಷ್ಟೇ ಕನಿಕರ ಬಂದರೂ ಬರೀ ದಂಡ ಹಾಕಿ ಕಳಿಸಲು ಈ ಕಲಂ ಅವರ ಕೈ ಕಟ್ಟಿರುತ್ತದೆ.

ಹಾಗಾದರೆ ಆ ಪರಿಚಯದವರು ಸುಳ್ಳು ಹೇಳಿದರಾ? ಇಲ್ಲ. ಅವರು ಬಹುಶಃ ಬೇರೆ ಕೇಸು ನೋಡಿದ್ದಾರೆ. ಅಂಗಡಿ ಮುಂದೆ ಕಟ್ಟೆ ಮೇಲೆ ಕೂತು ಕುಡಿಯುವುದು, ಕುಡಿಯಲು ಬಿಡುವುದು ಕಲಂ 15ಎ ಕೆಳಗೆ ಬರುತ್ತದೆ. ಅದಕ್ಕೆ ಹಾಕುವುದು 32(3), ಅಂದರೆ ಅದೇ ಕಲಂ 32ರ ಮೂರನೇ ಉಪಕಲಂ, ಅದು ಹಗುರ. ನಮ್ಮ ಕಡೆ ಹಳ್ಳಿ ಕೇಸುಗಳಲ್ಲಿ ಇದು ಜಾಸ್ತಿ. ಅದರಲ್ಲಿ ಜನ ಒಪ್ಪಿಕೊಂಡು ದಂಡ ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಊರು ಸೇರುತ್ತಾರೆ. ಎರಡೂ ‘ಅಬಕಾರಿ ಕೇಸು’ ಅಂತಲೇ ಕರೆಸಿಕೊಳ್ಳುತ್ತವೆ, ಅಲ್ವಾ? ಆದರೆ ಒಂದಕ್ಕೊಂದು ಆನೆ ಆಡಿನ ಅಂತರ. ಹಾಗಾಗಿ ಇವತ್ತೇ ಎಫ್‌ಐಆರ್ ಪ್ರತಿ ತೆಗೆದು ಕಲಂ ಯಾವುದು ನೋಡಿ. ನೀವು ಬರೆದ ಸಂಗತಿ ನೋಡಿದರೆ 32, ಜೊತೆಗೆ ಅಕ್ರಮವಾಗಿ ಇಟ್ಟುಕೊಂಡಿದ್ದಕ್ಕೆ 34 ಹಾಕಿರುತ್ತಾರೆ ಅಂತ ನನ್ನ ಅಂದಾಜು.

ಈಗ ಊರಲ್ಲಿ ಓಡಾಡುವ ಮಾತುಗಳಿಗೆ ಬರೋಣ.

‘ಇಷ್ಟು ಲೀಟರ್ ತನಕ ಮನೆಯಲ್ಲಿ ಇಡಬಹುದು, ಏನೂ ಆಗಲ್ಲ’ ಅನ್ನುವುದು ಅರ್ಧ ಸತ್ಯ. ಒಬ್ಬ ಮನುಷ್ಯ ಸ್ವಂತಕ್ಕೆ ಇಷ್ಟು ಇಟ್ಟುಕೊಳ್ಳಬಹುದು ಅಂತ ನಿಯಮಗಳಲ್ಲಿ ಮಿತಿ ಇದೆ. ವಿಸ್ಕಿ, ಬ್ರಾಂದಿಯಂಥ ಮಾಲಿಗೆ ಅದು ಎರಡು ಲೀಟರಿಗಿಂತ ತುಸು ಜಾಸ್ತಿ, ಅಷ್ಟೇ. 90ರ ಪಾಕೀಟಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಡಜನ್. ನಿಮ್ಮಲ್ಲಿ ಸಿಕ್ಕಿದ್ದು 58, ಅಂದರೆ 5.220 ಲೀಟರ್. ಒಂದು ತುಂಬಿದ ಬಾಕ್ಸಿನಲ್ಲಿ 96 ಪಾಕೀಟು, 8.640 ಲೀಟರ್ ಇರುತ್ತದೆ. ಆ ಅಂಕಿಯನ್ನು ನಾನು ಎಷ್ಟು ಚಾರ್ಜ್‌ಶೀಟಿನಲ್ಲಿ ಓದಿದ್ದೇನೆ ಅಂದರೆ ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಆದರೆ ಮುಖ್ಯ ಮಾತು ಬೇರೆ. ಆ ಮಿತಿ ಇಟ್ಟುಕೊಳ್ಳುವುದಕ್ಕೆ, ಮಾರುವುದಕ್ಕಲ್ಲ. ಪರವಾನಗಿ ಇಲ್ಲದೆ ಒಂದೇ ಪಾಕೀಟು ಮಾರಿದರೂ ಅದು ಮಾರಾಟವೇ. ‘ಸಣ್ಣ ವ್ಯಾಪಾರ’ ಅನ್ನುವ ಖಾನೆ ಈ ಕಾಯ್ದೆಯಲ್ಲಿ ಇಲ್ಲ.

‘ಹೆಣ್ಣುಮಕ್ಕಳನ್ನು ಹಿಡಿಯಲ್ಲ’ ಅನ್ನುವುದೂ ಅಷ್ಟೇ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸನ್ನು ಬಂಧಿಸಬಾರದು, ತೀರಾ ವಿಶೇಷ ಸಂದರ್ಭದಲ್ಲಿ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬೇಕು. ಇದು ನಿಜ. ಜಾಮೀನು ಕೊಡುವಾಗ ಹೆಂಗಸು ಅನ್ನುವುದನ್ನು ಕೋರ್ಟು ಗಣನೆಗೆ ತೆಗೆದುಕೊಳ್ಳುತ್ತದೆ, ಅದೂ ನಿಜ. ಆದರೆ ಕೇಸಿನಿಂದ ಬಿಡುಗಡೆ ಇಲ್ಲ. ಈ ನಂಬಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಗಂಡಸರು ಮಾಲು ತಂದು ಹೆಂಗಸರನ್ನು ಗಲ್ಲಾದಲ್ಲಿ ಕೂಡಿಸುತ್ತಾರೆ. ದಾಳಿಯಾದ ದಿನ ಪಂಚನಾಮೆಯಲ್ಲಿ ಹೆಸರು ಬರುವುದು ಕೂತವರದ್ದು.

ಗುಡಿಯಲ್ಲಿ ಕಟ್ಟಿದ 5,000ಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಇಲ್ಲ ಅನ್ನುವ ರಕ್ಷಣೆ ಕೋರ್ಟು ಕೊಟ್ಟ ಶಿಕ್ಷೆಗೆ ಮಾತ್ರ. ಊರ ಹಿರಿಯರ ದಂಡಕ್ಕೆ ಅದು ಅನ್ವಯಿಸುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಹತ್ತು ಜನರ ಮುಂದೆ ‘ನಾನು ಮಾರಿದ್ದು ಖರೆ’ ಅಂದಿದ್ದರೆ, ಆ ಹತ್ತರಲ್ಲಿ ಒಬ್ಬ ನಾಳೆ ಸಾಕ್ಷಿ ಹೇಳಬಹುದು. ಅದು ದುರ್ಬಲ ಸಾಕ್ಷ್ಯ, ಆದರೂ ಸಾಕ್ಷ್ಯವೇ. ಅದಕ್ಕೇ ಇನ್ನು ಮುಂದೆ ಆ ವಿಷಯ ಕಟ್ಟೆ ಮೇಲೆ ಮಾತಾಡಬೇಡಿ. ದಂಡ ಕಟ್ಟಿದ್ದಕ್ಕೆ ರಸೀದಿ ಬರೆಸಿಕೊಂಡು ಬರುತ್ತೇವೆ ಅಂತ ಹೋಗುವವರಿದ್ದಾರೆ. ದಯವಿಟ್ಟು ಬೇಡ!

ಗ್ರಾಮಸಭೆಯ ಠರಾವನ್ನು ನಾನು ಹಗುರ ಮಾಡುತ್ತಿಲ್ಲ. ಅದರ ಹಿಂದೆ ಊರಿನ ಹೆಣ್ಣುಮಕ್ಕಳ ಕಣ್ಣೀರು ಇರುತ್ತದೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ನಡೆದುಕೊಂಡೇ ಹೋದರು. ಆದರೆ ಠರಾವಿನಿಂದ ನಿಮ್ಮೂರು ಕಾನೂನಿನ ಪ್ರಕಾರ ‘ಪಾನನಿಷೇಧದ ಊರು’ ಆಗುವುದಿಲ್ಲ. ನಿಮ್ಮ ಅವ್ವನ ಮೇಲಿನ ಕೇಸು ಠರಾವು ಮುರಿದದ್ದಕ್ಕಲ್ಲ, ಪರವಾನಗಿ ಇಲ್ಲದೆ ಮಾರಿದ್ದಕ್ಕೆ.

ನಮ್ಮ ಭಾಗಕ್ಕೆ ಪೂರ್ತಿ ಪಾನನಿಷೇಧ ಹೊಸದೇನಲ್ಲ. ಬೆಳಗಾವಿ, ವಿಜಾಪುರ 1956ರ ತನಕ ಮುಂಬೈ ರಾಜ್ಯದಲ್ಲಿದ್ದವು, ಬಾಗಲಕೋಟೆ ಆಗ ವಿಜಾಪುರ ಜಿಲ್ಲೆಯಲ್ಲೇ ಇತ್ತು. 1949ರ ಮುಂಬೈ ಪಾನನಿಷೇಧ ಕಾಯ್ದೆ ಇಲ್ಲೂ ನಡೆಯುತ್ತಿತ್ತು. ಮೈಸೂರು ರಾಜ್ಯ ಪಾನನಿಷೇಧ ಕೈಬಿಟ್ಟದ್ದು 1967ರಲ್ಲಿ. ಅದೇ ಮುಂಬೈ ಕಾಯ್ದೆ ಹೆಸರು ಬದಲಿಸಿಕೊಂಡು ಮಹಾರಾಷ್ಟ್ರದಲ್ಲಿ, ಗುಜರಾತಿನಲ್ಲಿ ಈಗಲೂ ಇದೆ. ಹಾಗಾಗಿ ಸೊಲ್ಲಾಪುರದ ನೆಂಟರು ಯಾರಾದರೂ ಹೇಳಿದ ಕಾನೂನು ಹುನಗುಂದದ ಕೋರ್ಟಿನಲ್ಲಿ ನಡೆಯುವುದಿಲ್ಲ.

ಕಿರಾಣಿ ಅಂಗಡಿಗೆ ಈ ಮಾಲು ಯಾಕೆ ಬರುತ್ತದೆ ಅನ್ನುವುದನ್ನೂ ಹೇಳಬೇಕು. ನಿಮ್ಮ ಅವ್ವ ಒಬ್ಬರೇ ಆಸೆಬುರುಕರು ಅಂತ ನನಗೆ ಅನಿಸುವುದಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಕುಡಿಯುವವರು ಬಂದ್ ಆಗಲಿಲ್ಲ. ಅವರೆಲ್ಲ ಅಗ್ಗದ ಪಾಕೀಟಿಗೆ ತಿರುಗಿದರು. ವೈನ್‌ಶಾಪಿನ ಸಿಎಲ್-2, ಬಾರಿನ ಸಿಎಲ್-9 ಪರವಾನಗಿಗಳನ್ನು 1992ರಿಂದೀಚೆಗೆ ಹೊಸದಾಗಿ ಕೊಡುವುದು ನಿಂತಿತ್ತು. ಅಂಗಡಿ ಇರುವುದು ಇಳಕಲ್‌ನಲ್ಲಿ, ಹುನಗುಂದದಲ್ಲಿ. ಕುಡಿಯುವವ ಇರುವುದು ಹತ್ತಿಪ್ಪತ್ತು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ. ಆ ನಡುವಿನ ದಾರಿಯಲ್ಲಿ ಬೈಕ್ ಮೇಲಿನ ಹುಡುಗ ಹುಟ್ಟಿಕೊಂಡ. ಇತ್ತ ಸರ್ಕಾರ 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿತು. ಮಾಲು ಜಾಸ್ತಿ ಹೋಗಲಿ ಅಂತಲೂ ಬೇಕು, ಹಳ್ಳಿಗೆ ಹೋಗಬಾರದು ಅಂತಲೂ ಬೇಕು. ಇಪ್ಪತ್ತು ವರ್ಷಕ್ಕೂ ಮೇಲೆ ಬಾಗಲಕೋಟೆಯಲ್ಲಿ ವಕೀಲಿ ಮಾಡಿದ ನನಗೆ ಇದರ ತರ್ಕ ಇನ್ನೂ ಹತ್ತಿಲ್ಲ. ಸಿಕ್ಕಿಬೀಳುವುದು ಮಾತ್ರ ಹೆಚ್ಚಾಗಿ ಕೊನೆಯ ಕೊಂಡಿ, ಅಂದರೆ ಗಲ್ಲಾದಲ್ಲಿ ಕೂತ ಹೆಂಗಸು. ಇದನ್ನು ಕೋರ್ಟಿನಲ್ಲಿ ಹೇಳಿದರೆ ಕೇಳುತ್ತಾರೆ, ಆದರೆ ಅದರಿಂದ ಖುಲಾಸೆ ಆಗುವುದಿಲ್ಲ.

ಖುಲಾಸೆ ಆಗುವುದು ಹಾಳೆಗಳಿಂದ. ನೀವು ಹೇಳಿದ ಆ ನಾಲ್ಕು ಹಾಳೆ ಇದೆಯಲ್ಲ, ಕೇಸಿನ ಜೀವ ಅದರಲ್ಲಿದೆ.

ವಾರಂಟ್ ಇಲ್ಲದೆ ಮನೆ ಅಥವಾ ಅಂಗಡಿ ಹುಡುಕಲು ಕಲಂ 54 ಅಧಿಕಾರ ಕೊಡುತ್ತದೆ, ಹಗಲಾಗಲಿ ರಾತ್ರಿಯಾಗಲಿ. ಆದರೆ ಸುಮ್ನೆ ಕೊಡುವುದಿಲ್ಲ. ಇಲ್ಲಿ ಅಪರಾಧ ನಡೆಯುತ್ತಿದೆ ಅಂತ ನಂಬಲು ಏನು ಕಾರಣ, ವಾರಂಟ್ ತರಲು ಹೋದರೆ ಆರೋಪಿ ತಪ್ಪಿಸಿಕೊಳ್ಳುತ್ತಾನೆ ಅಥವಾ ಮಾಲು ಮುಚ್ಚಿಡುತ್ತಾನೆ ಅಂತ ಯಾಕೆ ಅನಿಸಿತು, ಇದನ್ನು ಅಧಿಕಾರಿ ಒಳಗೆ ಕಾಲಿಡುವ ಮೊದಲು ಬರೆದಿಡಬೇಕು. 1979ರಲ್ಲಿ ಸುಪ್ರೀಂ ಕೋರ್ಟು ಇದೇ ಕರ್ನಾಟಕ ಕಾಯ್ದೆಯ ಒಂದು ಕೇಸಿನಲ್ಲಿ, ಕೆ.ಎಲ್. ಸುಬ್ಬಯ್ಯ ಪ್ರಕರಣದಲ್ಲಿ, ಇನ್‌ಸ್ಪೆಕ್ಟರ್ ಹಾಗೆ ಕಾರಣ ಬರೆದಿಡದೆ ಕಾರು ಹುಡುಕಿದ್ದಕ್ಕೆ ಶಿಕ್ಷೆಯನ್ನೇ ರದ್ದು ಮಾಡಿತು. ಇವತ್ತಿಗೂ ನಾವು ಆರೋಪಿ ಪರ ವಕೀಲರು ಅಬಕಾರಿ ಕೇಸಿನಲ್ಲಿ ಮೊದಲು ಹುಡುಕುವುದು ಆ ಒಂದು ಹಾಳೆಯನ್ನು. ಕೆಲವು ಕಡತಗಳಲ್ಲಿ ಅದು ಇರುವುದೇ ಇಲ್ಲ. ಕೆಲವುಗಳಲ್ಲಿ ಇರುತ್ತದೆ, ಆದರೆ ಅಚ್ಚು ಹಾಕಿದ ನಮೂನೆಯಲ್ಲಿ ಊರ ಹೆಸರು ಮಾತ್ರ ಪೆನ್ನಿನಿಂದ ತುಂಬಿರುತ್ತದೆ. ಒಮ್ಮೆ ಒಂದು ಹಾಳೆಯಲ್ಲಿ ಹಿಂದಿನ ಕೇಸಿನ ಊರ ಹೆಸರನ್ನು ಹೊಡೆದು ಮೇಲೆ ನಮ್ಮ ಕಕ್ಷಿದಾರರ ಊರು ಬರೆದಿದ್ದರು. ಅಡ್ಡ ಸವಾಲಿನಲ್ಲಿ ನಾನು ಹೆಚ್ಚು ಕಷ್ಟ ಪಡಬೇಕಾಗಲಿಲ್ಲ.

ನಂತರ ಪಂಚರು. ಪಂಚನಾಮೆಗೆ ಸಹಿ ಹಾಕಿದ ಆ ಇಬ್ಬರು ಯಾರು? ನಿಮ್ಮ ಓಣಿಯವರಾ, ಅಥವಾ ಜೀಪಿನಲ್ಲೇ ಜೊತೆಗೆ ಬಂದವರಾ? ಅದೇ ಇಬ್ಬರು ಬೇರೆ ಹತ್ತು ಕೇಸಿನಲ್ಲೂ ಪಂಚರಾಗಿದ್ದರೆ ಕೋರ್ಟು ಹುಬ್ಬೇರಿಸುತ್ತದೆ. 58 ಪಾಕೀಟಿನಲ್ಲಿ ಎಷ್ಟು ಪಾಕೀಟು ರಾಸಾಯನಿಕ ಪರೀಕ್ಷೆಗೆ ಹೋದವು, ಸೀಲು ಯಾರ ಮುಂದೆ ಹಾಕಿದರು, ಮುದ್ದೆಮಾಲಿನ, ಅಂದರೆ ಜಪ್ತಿ ಮಾಡಿದ ಮಾಲಿನ, ಮೇಲೆ ಅವ್ವನ ಸಹಿ ಚೀಟಿ ಅಂಟಿಸಿದರಾ? 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲು ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ ಕಲಂ 105ರ ಪ್ರಕಾರ ಹುಡುಕಾಟ, ಜಪ್ತಿಯನ್ನು ವಿಡಿಯೋ ಮಾಡಬೇಕು. ಆ ರಾತ್ರಿ ಯಾರಾದರೂ ಮೊಬೈಲ್ ಹಿಡಿದು ನಿಂತಿದ್ದರಾ ಅಂತ ಅವ್ವನನ್ನು ಕೇಳಿ. ನೆನಪು ಹಸಿ ಇರುವಾಗಲೇ ಎಲ್ಲ ಬರೆದಿಟ್ಟುಕೊಳ್ಳಿ: ಎಷ್ಟು ಜನ ಬಂದರು, ಮೊದಲು ಎಲ್ಲಿ ಕೈ ಹಾಕಿದರು, ಪಾಕೀಟು ಗಲ್ಲಾದ ಕೆಳಗಿದ್ದವಾ, ಜೋಳದ ಚೀಲದ ಹಿಂದೆ ಇದ್ದವಾ, ಸಹಿ ಹಾಕುವಾಗ ಹಾಳೆ ತುಂಬಿತ್ತಾ, ಖಾಲಿ ಇತ್ತಾ.

ಇದರ ಅರ್ಥ ಗೆದ್ದೇ ಗೆಲ್ಲುತ್ತೀರಿ ಅಂತಲ್ಲ. ಅಬಕಾರಿ ಕಾಯ್ದೆಯ ಕಲಂ 40 ರುಜುವಾತಿನ ಭಾರವನ್ನು ನಿಮ್ಮ ಕಡೆ ತಳ್ಳುತ್ತದೆ. ಮಾಲು ನಿಮ್ಮ ಕೈಯಲ್ಲಿ ಸಿಕ್ಕಿ, ಅದು ಎಲ್ಲಿಂದ ಯಾಕೆ ಬಂತು ಅಂತ ಸರಿಯಾಗಿ ಹೇಳಲಾಗದಿದ್ದರೆ ಅಪರಾಧ ಮಾಡಿದ್ದೀರಿ ಅಂತಲೇ ಕೋರ್ಟು ಊಹಿಸಬಹುದು. ‘ಸ್ವಂತಕ್ಕೆ ಕುಡಿಯಲು ಇಟ್ಟಿದ್ದೆ’ ಅಂತ ಕಟ್ಟಿ ಹೇಳಿಸಬೇಡಿ. 58 ಪಾಕೀಟಿಗೆ ಅದು ಹೊಂದುವುದಿಲ್ಲ, ಮೇಲಾಗಿ ಮಿತಿ ಮೀರಿದ್ದನ್ನು ನೀವೇ ಒಪ್ಪಿದಂತೆ.

ಈಗ ನಿಮ್ಮ ಮುಂದಿರುವ ದಾರಿ. ಒಂದು, ವಿಚಾರಣೆ ನಡೆಸುವುದು. ನಿಧಾನ, ತಾರೀಖಿನ ಮೇಲೆ ತಾರೀಖು. ಪ್ರತಿ ಸಲ ಅವ್ವ ಅಂಗಡಿ ಮುಚ್ಚಿ ಹುನಗುಂದಕ್ಕೆ ಬರಬೇಕು. ಆದರೆ ನಿಮ್ಮಂಥ ಕೇಸಿನಲ್ಲಿ ನಾನಾದರೆ ಇದನ್ನೇ ಹಿಡಿಯುತ್ತಿದ್ದೆ. ಇನ್ನೊಂದು, ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ ಕೇಸೇ ರದ್ದು ಮಾಡಿ ಅಂತ ಕೇಳುವುದು. ವಿಜಾಪುರದವರಾದರೆ ಕಲಬುರಗಿ ಪೀಠ. ಕಲಂ 54ರ ಹಾಳೆ ಕಡತದಲ್ಲಿ ಇಲ್ಲವೇ ಇಲ್ಲ ಅಂತ ಖಾತ್ರಿಯಾದರೆ ಇದು ಯೋಚಿಸುವಂಥದ್ದು. ಖರ್ಚು ಇದೆ. ‘ಇದನ್ನೆಲ್ಲ ವಿಚಾರಣೆಯಲ್ಲೇ ಹೇಳಿಕೊಳ್ಳಿ’ ಅಂತ ವಾಪಸ್ ಕಳಿಸುವ ಸಾಧ್ಯತೆಯೂ ಇದೆ. ಚಾರ್ಜ್‌ಶೀಟ್ ಬರುವ ತನಕ ಕಾಯಿರಿ.

ಜಾಮೀನಿನ ವಿಷಯ. 5 ವರ್ಷದ ತನಕ ಶಿಕ್ಷೆ ಇರುವುದರಿಂದ ಇದು ಜಾಮೀನುರಹಿತ ಸಾಲಿಗೆ ಬರುತ್ತದೆ. ಆದರೆ 7 ವರ್ಷದೊಳಗಿನ ಅಪರಾಧಕ್ಕೆ ಕಾರಣವಿಲ್ಲದೆ ಬಂಧಿಸಬಾರದು ಅಂತ ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲೇ ಹೇಳಿದೆ. ನಿಮಗೆ ಕೊಟ್ಟ ನೋಟಿಸ್ ಅದೇ ಸಾಲಿನದು. ಅದರಲ್ಲಿ ಬರೆದ ದಿನ ತಪ್ಪದೆ ಹಾಜರಾಗಿ. ತಪ್ಪಿಸಿದರೆ ಬಂಧಿಸಲು ನೀವೇ ಕಾರಣ ಕೊಟ್ಟಂತೆ. ತಮ್ಮನಿಗೆ ಅಂಜಿಕೆ ಇದ್ದರೆ ಬಾಗಲಕೋಟೆಯ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಕೇಳಬಹುದು.

ಬೈಕಿನ ಬಗ್ಗೆ ಸಿಹಿ ಮಾತು ಹೇಳಲಾರೆ. ಅದು ಕ್ರಿಮಿನಲ್ ಕೇಸಿನ ಜೊತೆ ಓಡುವುದಿಲ್ಲ, ಬೇರೆ ಹಳಿಯ ಮೇಲೆ ಓಡುತ್ತದೆ. ಮುಟ್ಟುಗೋಲು ಹಾಕುವ ಅಧಿಕಾರ ಜಿಲ್ಲೆಯ ಅಬಕಾರಿ ಡೆಪ್ಯುಟಿ ಕಮಿಷನರ್ ಅವರಿಗಿದೆ. ಮಾಲೀಕನಿಗೆ ಗೊತ್ತಿಲ್ಲದೆ ಗಾಡಿ ಬಳಕೆಯಾಗಿತ್ತು, ಅವನು ಎಚ್ಚರ ವಹಿಸಿದ್ದ ಅಂತ ತೋರಿಸಿದರೆ ಉಳಿಯುತ್ತದೆ. ಇಲ್ಲಿ ಮಾಲೀಕನೂ ತಮ್ಮ, ಓಡಿಸಿದವನೂ ತಮ್ಮ. ಆದರೆ ದಾಳಿಯ ರಾತ್ರಿ ಬೈಕ್ ಎಲ್ಲಿತ್ತು? ಮನೆ ಮುಂದೆ ಸುಮ್ನೆ ನಿಂತಿತ್ತಾ, ಅದರ ಮೇಲೆ ಮಾಲಿತ್ತಾ? ಸುಮ್ನೆ ನಿಂತ ಗಾಡಿಯನ್ನು ಎತ್ತಿಕೊಂಡು ಹೋಗಿದ್ದರೆ ಗಟ್ಟಿ ವಾದ ಇದೆ. ಮುಟ್ಟುಗೋಲಿನ ನೋಟಿಸ್ ಬಂದ ಕೂಡಲೇ ಉತ್ತರ ಕೊಡಿ, ಮಧ್ಯಂತರ ಬಿಡುಗಡೆಗೂ ಅರ್ಜಿ ಹಾಕಿ. ಕೋರ್ಟಿನಲ್ಲಿ ಖುಲಾಸೆ ಆದ ಮೇಲೆ ನೋಡೋಣ ಅಂತ ಕೂತರೆ ಅಷ್ಟರಲ್ಲಿ ಬೈಕ್ ಹರಾಜಾಗಿರುತ್ತದೆ.

ಕಾಕಾನ ಮನೆ ಎಲ್ಲಿಗೂ ಹೋಗುವುದಿಲ್ಲ. ಕಲಂ 38ಎ ಪ್ರಕಾರ ಜಾಗದ ಮಾಲೀಕ ತಿಳಿದೂ ತಿಳಿದೂ ಬಿಟ್ಟಿದ್ದರೆ ಮಾತ್ರ ಅವನೂ ಆರೋಪಿ. ಗೋವಾದಲ್ಲಿ ಇಟ್ಟಿಗೆ ಹೊರುವ ಮನುಷ್ಯನಿಗೆ ಗೊತ್ತಿತ್ತು ಅಂತ ತೋರಿಸುವುದು ಸುಲಭವಲ್ಲ. ಆದರೆ ಈಗ ಗೊತ್ತಾಗಿದೆ. ಇನ್ನೊಮ್ಮೆ ಆದರೆ ಆ ಮಾತು ನಡೆಯುವುದಿಲ್ಲ.

ತಮ್ಮನ ಕಾನ್‌ಸ್ಟೇಬಲ್ ನೌಕರಿಗೆ ಎಫ್‌ಐಆರ್‌ಗಿಂತ ದೊಡ್ಡ ಅಪಾಯ ಅದನ್ನು ಮುಚ್ಚಿಡುವುದು. ಪರಿಶೀಲನಾ ಅರ್ಜಿಯಲ್ಲಿ ‘ನಿಮ್ಮ ಮೇಲೆ ಕೇಸು ಇದೆಯೇ’ ಅಂತ ಕೇಳುತ್ತಾರೆ. ‘ಇಲ್ಲ’ ಅಂತ ಬರೆದು ಸಿಕ್ಕಿಬಿದ್ದು ನೌಕರಿ ಕಳೆದುಕೊಂಡ ಹುಡುಗರನ್ನು ನಾನು ಕಂಡಿದ್ದೇನೆ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನಿಜ ಹೇಳಿದವನ ವಿಷಯವನ್ನು ಬೇರೆಯಾಗಿ, ಮುಚ್ಚಿಟ್ಟವನ ವಿಷಯವನ್ನು ಬೇರೆಯಾಗಿ ನೋಡಬೇಕು ಅಂದಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯಲಿ. ಕೊಡುವುದು ಬಿಡುವುದು ಇಲಾಖೆಗೆ ಬಿಟ್ಟದ್ದು.

ಅಕ್ಕನ ಮಗನ ವಿಷಯ ನೀವು ಕೊನೆಯಲ್ಲಿ ಬರೆದಿರಿ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಹುಡುಗನಿಗೆ ಏನೂ ಆಗುವುದಿಲ್ಲ. ಆದರೆ ಮಕ್ಕಳ ಕೈಯಲ್ಲಿ ಮದ್ಯ ಮಾರಿಸಿದವರಿಗೆ ಬಾಲನ್ಯಾಯ ಕಾಯ್ದೆ ಕಲಂ 78ರಲ್ಲಿ 7 ವರ್ಷದ ತನಕ ಕಠಿಣ ಸಜೆ, 1 ಲಕ್ಷದ ತನಕ ದಂಡ ಇದೆ. ಅಬಕಾರಿ ಕಾಯ್ದೆಗಿಂತ ಜಾಸ್ತಿ. ಎಫ್‌ಐಆರ್‌ನಲ್ಲಿ ಆ ಹುಡುಗನ ಸುದ್ದಿ ಇಲ್ಲದಿದ್ದರೆ ನಿಮ್ಮ ಪುಣ್ಯ. ಅವನು ಸೋಪು, ಬಿಸ್ಕತ್ತು ಮಾರಿದರೆ ತಪ್ಪಿಲ್ಲ. ಪಾಕೀಟು ಇರುವ ಅಂಗಡಿಯ ಗಲ್ಲಾದಲ್ಲಿ ಅವನು ಕೂಡಬಾರದು.

ವಕೀಲರ ಫೀ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅವ್ವನೇ ಅರ್ಜಿ ಕೊಡಬಹುದು. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಹೋಗುವಾಗ ಎಫ್‌ಐಆರ್, ನೋಟಿಸ್, ಬೈಕಿನ ಆರ್‌ಸಿ, ಪಂಚನಾಮೆ ಪ್ರತಿ ಸಿಕ್ಕಿದ್ದರೆ ಅದನ್ನೂ ಒಯ್ಯಿರಿ.

ಇನ್ನು ಆ ಗುರುವಾರದ ಹುಡುಗ. ಗಲಾಟೆ ತಣ್ಣಗಾದ ಮೇಲೆ ಅವನು ಮತ್ತೆ ಬರುತ್ತಾನೆ, ಖಂಡಿತ ಬರುತ್ತಾನೆ. ‘ಹಳೇ ಬಾಕಿ ಐತ್ರಿ, ಇದೊಂದ್ ಬಾಕ್ಸ್ ಇಟ್ಕೊಳ್ರಿ, ಮಾರಿ ತೀರಿಸ್ರಿ’ ಅನ್ನುತ್ತಾನೆ. ಎರಡನೇ ಕೇಸು ಹುಟ್ಟುವುದು ಹೆಚ್ಚಾಗಿ ಹೀಗೇ, ಮೊದಲ ಕೇಸಿನ ವಕೀಲರ ಖರ್ಚು ತೆಗೆಯಲು ಹೋಗಿ. ಪದೇ ಪದೇ ಸಿಕ್ಕವರ ಮೇಲೆ ತಹಶೀಲ್ದಾರರ ಮುಂದೆ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ವಿಪರೀತಕ್ಕೆ ಹೋದರೆ 1985ರ ಗೂಂಡಾ ಕಾಯ್ದೆಯಲ್ಲಿ ಕಳ್ಳ ಮದ್ಯ ಮಾರುವವರನ್ನು ವಿಚಾರಣೆ ಇಲ್ಲದೆ ಒಂದು ವರ್ಷದ ತನಕ ಒಳಗಿಡಲೂ ಅವಕಾಶ ಇದೆ. ಅವನು ಬಂದಾಗ ಬಾಗಿಲಲ್ಲಿ ಅವ್ವನ ಬದಲು ನೀವು ನಿಂತಿರಿ. ಹಣದ ಮಾತು ಫೋನಿನಲ್ಲಿ ಬೇಡ, ಬಾಕ್ಸ್ ಹೊಸ್ತಿಲು ದಾಟುವುದು ಬೇಡ.